ರಫ್ತಿನ ಲೆಕ್ಕ ಒಂದು, ಆಮದಿನ ಲೆಕ್ಕ ಇನ್ನೊಂದು: ಯಾವುದನ್ನು ನಂಬಬೇಕು?

ಅಂಕಿ_ಅಂಚು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಂಎ ಅರ್ಥಶಾಸ್ತ್ರದ ಪ್ರಬಂಧಕ್ಕೆ ಅಂತ ಎರಡು ವಾರದಿಂದ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಡೇಟಾ (ದೇಶದೇಶಗಳ ರಫ್ತು-ಆಮದಿನ ಅಂಕಿಗಳು) ಹಿಡಿದು ಕೂತಿದ್ದೇನೆ. ದಾರಿ ಕಾಣದೆ ಇಲ್ಲಿ ಕೇಳುತ್ತಿದ್ದೇನೆ.

ಮಾಡಿದ್ದು ಇಷ್ಟೇ. ಒಂದು ಕಾಲಮ್‌ನಲ್ಲಿ ಒಂದು ದೇಶ ತಾನು ಕಳಿಸಿದೆ ಅಂತ ಹೇಳಿದ ರಫ್ತು, ಪಕ್ಕದ ಕಾಲಮ್‌ನಲ್ಲಿ ಎದುರಿನ ದೇಶ ತನಗೆ ಬಂತು ಅಂತ ಹೇಳಿದ ಆಮದು. ಹೋದದ್ದೂ ಬಂದದ್ದೂ ಒಂದೇ ಸರಕು, ಅಂದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು ಅಲ್ವಾ? ಇಲ್ಲ. ಒಂದು ಸಾಲಿನಲ್ಲಿ ಶೇ 5 ವ್ಯತ್ಯಾಸ, ಇನ್ನೊಂದರಲ್ಲಿ ಶೇ 40. ಕೆಲವು ಕಡೆ ಒಂದು ಬದಿಯಲ್ಲಿ ನೂರಾರು ಕೋಟಿ ಡಾಲರ್ ಇದ್ದರೆ ಇನ್ನೊಂದು ಬದಿಯಲ್ಲಿ ಹತ್ತಿರ ಹತ್ತಿರ ಸೊನ್ನೆ.

ಜಾಂಬಿಯಾದ ತಾಮ್ರ ನೋಡಿ ತಲೆ ಕೆಟ್ಟುಹೋಯಿತು. ಜಾಂಬಿಯಾ ಹೇಳುವ ಪ್ರಕಾರ ಅದರ ತಾಮ್ರದ ದೊಡ್ಡ ಗಿರಾಕಿ ಸ್ವಿಟ್ಜರ್ಲೆಂಡ್. ಸ್ವಿಟ್ಜರ್ಲೆಂಡಿನ ಆಮದು ಪಟ್ಟಿ ತೆರೆದರೆ ಆ ತಾಮ್ರದ ಸುಳಿವೇ ಇಲ್ಲ. ಅಷ್ಟು ತಾಮ್ರ ಎಲ್ಲಿಗೆ ಹೋಯಿತು? ಅಮೆರಿಕ-ಚೀನಾ ಕಥೆಯೂ ಹಾಗೇ. 2018ರಲ್ಲಿ ಚೀನಾ ಜೊತೆಗಿನ ಸರಕು ವ್ಯಾಪಾರದಲ್ಲಿ ತನಗೆ ಸುಮಾರು 41,900 ಕೋಟಿ ಡಾಲರ್ ಕೊರತೆ ಅಂತ ಅಮೆರಿಕ ಹೇಳಿತು. ಅದೇ ವರ್ಷ ಅಮೆರಿಕದ ಜೊತೆ ತನಗೆ ಸುಮಾರು 32,300 ಕೋಟಿ ಡಾಲರ್ ಮಿಗತೆ ಅಂತ ಚೀನಾ ಹೇಳಿತು. ನಡುವೆ 9,600 ಕೋಟಿ ಡಾಲರ್ ಅಂತರ!

ನನ್ನ ಗೈಡ್ "ಆಮದಿನ ಅಂಕಿ ತಗೊಳ್ಳಿ, ಅದೇ ಸರಿ" ಅಂದರು. ಯಾಕೆ ಅಂತ ಕೇಳುವಷ್ಟು ಹೊತ್ತು ಸಿಗಲಿಲ್ಲ. ಇನ್ನೊಂದು ಕಡೆ, ನಾನು ಓದಿದ ಎರಡು ಮೂರು ಲೇಖನಗಳಲ್ಲಿ ಈ ವ್ಯತ್ಯಾಸವನ್ನೆಲ್ಲ ಕೂಡಿಸಿ "ದೇಶದಿಂದ ಕದ್ದು ಹೊರಗೆ ಹೋದ ಹಣ" ಅಂತ ಬರೆದಿದ್ದಾರೆ. ಅದು ಸರಿಯಾ? ನಾನೂ ಹಾಗೇ ಕೂಡಿಸಿ ಒಂದು ಅಧ್ಯಾಯ ಬರೆಯಬಹುದಾ?

ಇನ್ನೊಂದು ಸಣ್ಣ ಸಮಸ್ಯೆ. ದೇಶಗಳನ್ನು ಐಎಸ್‌ಒ ಸಂಖ್ಯೆಯಿಂದ (ಪ್ರತಿ ದೇಶಕ್ಕೂ ಇರುವ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಜೋಡಿಸಿದಾಗ ಅಮೆರಿಕದ ಸಾಲುಗಳೇ ಬರುತ್ತಿಲ್ಲ. ಚಿಕ್ಕ ದೇಶವಾಗಿದ್ದರೆ ಡೇಟಾ ಇಲ್ಲ ಅಂದುಕೊಳ್ಳುತ್ತಿದ್ದೆ, ಅಮೆರಿಕ ಹೇಗೆ ಮಾಯವಾಗುತ್ತದೆ?

ಬಂದರುಕಟ್ಟೆ

ಒಳ್ಳೆ ಪ್ರಶ್ನೆ. ನಾನು ಅರ್ಥಶಾಸ್ತ್ರದವನಲ್ಲ. ಸರಕು ಸಾಗಣೆ ಏಜೆನ್ಸಿಯೊಂದರ ದಾಖಲೆ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು. ನೀವು ಕಾಮ್‌ಟ್ರೇಡ್‌ನಲ್ಲಿ ನೋಡುವ ಆ ಒಂದೊಂದು ಅಂಕಿಯ ತಳದಲ್ಲಿ ನನ್ನಂಥವನೊಬ್ಬ ತುಂಬಿದ ಒಂದು ಫಾರ್ಮ್ ಇರುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ತಾಮ್ರ. ಜಾಂಬಿಯಾಕ್ಕೆ ಸಮುದ್ರವಿಲ್ಲ. ತಾಮ್ರ ಲಾರಿಯಲ್ಲೋ ರೈಲಿನಲ್ಲೋ ದಾರ್ ಎಸ್ ಸಲಾಮ್ ಅಥವಾ ಡರ್ಬನ್ ಕಡೆಗೆ ಹೋಗುತ್ತದೆ, ಅಲ್ಲಿಂದ ಹಡಗು. ಆದರೆ ಅದನ್ನು ಕೊಂಡ ಕಂಪನಿ ಸ್ವಿಟ್ಜರ್ಲೆಂಡಿನಲ್ಲಿ ನೋಂದಣಿಯಾದ ಸರಕು ವ್ಯಾಪಾರಿ ಕಂಪನಿ. ಇನ್‌ವಾಯ್ಸ್ ಅವರ ಹೆಸರಿಗೆ, ಹಣ ಬರುವುದು ಅವರಿಂದ. ರಫ್ತು ಘೋಷಣೆ ತುಂಬುವ ಹುಡುಗನ ಮುಂದೆ "ತಲುಪುವ ದೇಶ" ಅನ್ನುವ ಖಾನೆ ಇದೆ. ಕೈಯಲ್ಲಿರುವ ಇನ್‌ವಾಯ್ಸ್‌ನಲ್ಲಿ ಸ್ವಿಟ್ಜರ್ಲೆಂಡ್ ಅಂತಿದೆ. ಅವನು ಅದನ್ನೇ ಬರೆಯುತ್ತಾನೆ. ತಾಮ್ರ ಮಾತ್ರ ಚೀನಾಕ್ಕೋ ಇನ್ನೆಲ್ಲಿಗೋ ಹೋಗಿ ಇಳಿಯುತ್ತದೆ, ಸ್ವಿಟ್ಜರ್ಲೆಂಡಿನ ಗಡಿಯನ್ನು ಮುಟ್ಟುವುದೇ ಇಲ್ಲ. ಗಡಿ ದಾಟದ ಸರಕನ್ನು ಸ್ವಿಸ್ ಕಸ್ಟಮ್ಸ್ ಯಾಕೆ ಬರೆದುಕೊಳ್ಳಬೇಕು? ಕೊಂಡು ಮಾರಿದ ಲಾಭ ಅವರ ಪಾವತಿ ಶಿಲ್ಕಿನ (ದೇಶಕ್ಕೆ ಬಂದ-ಹೋದ ಹಣದ) ಲೆಕ್ಕದಲ್ಲಿ ಸೇರುತ್ತದೆ, ಕಸ್ಟಮ್ಸ್ ಲೆಕ್ಕದಲ್ಲಿ ಸೇರುವುದಿಲ್ಲ. ಇದರಲ್ಲಿ ತಾಮ್ರ ಎಲ್ಲಿಯೂ ಕಾಣೆಯಾಗಿಲ್ಲ. ಒಬ್ಬರು ಕೊಂಡವರ ವಿಳಾಸ ಬರೆದರು, ಇನ್ನೊಬ್ಬರು ಇಳಿದ ಸರಕು ಬರೆದರು.

ನಾನೇ ಈ ತಪ್ಪು ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ. ಬಿಲ್ ಆಫ್ ಲೇಡಿಂಗ್ ಅನ್ನುವ ಹಡಗು ಸರಕಿನ ರಸೀದಿಯಲ್ಲಿ ಸರಕು ಪಡೆಯುವವರ ಜಾಗದಲ್ಲಿ ಹೆಸರೇ ಇರಲಿಲ್ಲ, "ಟು ಆರ್ಡರ್" ಅಂತ ಮಾತ್ರ ಇತ್ತು. ಹಡಗು ಸಮುದ್ರದಲ್ಲಿರುವಾಗಲೇ ಸರಕನ್ನು ಬೇರೆಯವರಿಗೆ ಮಾರಬಹುದು ಅಂತಾದರೆ ಹೀಗೆ ಬರೆಸುತ್ತಾರೆ. ನನಗೆ ಅದು ಗೊತ್ತಿರಲಿಲ್ಲ. ಇನ್‌ವಾಯ್ಸ್ ನೋಡಿ ಕೊಂಡವರ ದೇಶವನ್ನೇ ತಲುಪುವ ದೇಶ ಅಂತ ತುಂಬಿದೆ. ಮೂರು ವಾರ ಬಿಟ್ಟು ನಮ್ಮ ಸೀನಿಯರ್ ಹಳೆ ಫೈಲ್ ತೆಗೆದು "ಇಳಿಯೋ ಬಂದರು ನೋಡಿದ್ಯಾ?" ಅಂದರು. ಬೇರೆಯದೇ ಖಂಡದ ಬಂದರು! ಆಮೇಲೆ ತಿದ್ದುಪಡಿ ಹಾಕಿದೆವು. ಆದರೆ ಆ ಹೊತ್ತಿಗೆ ಆ ತಿಂಗಳ ಅಂಕಿ ಹೋಗಿ ಆಗಿತ್ತು.

ಇನ್ನು ಬೆಲೆ. ಒಂದು ಕಂಟೇನರ್ ಸರಕು ಹಡಗಿಗೆ ಏರುವಾಗ 1,00,000 ಡಾಲರ್ ಅಂದುಕೊಳ್ಳಿ. ರಫ್ತು ಮಾಡುವ ದೇಶ ಬರೆಯುವುದು ಅಷ್ಟೇ, ಅದನ್ನು ಎಫ್‌ಒಬಿ ಅಂತೀವಿ. ಹಡಗಿನ ಬಾಡಿಗೆ 6,000, ವಿಮೆ 400 ಸೇರಿದರೆ ಆಮದು ಮಾಡಿಕೊಳ್ಳುವ ಬಂದರಿನಲ್ಲಿ 1,06,400. ಅದು ಸಿಐಎಫ್. ಬಹಳಷ್ಟು ದೇಶಗಳು ಆಮದನ್ನು ಸಿಐಎಫ್‌ನಲ್ಲೇ ಬರೆಯುತ್ತವೆ. ಅಂದರೆ ಎಲ್ಲರೂ ಪ್ರಾಮಾಣಿಕರಾಗಿದ್ದರೂ ಎರಡು ಅಂಕಿ ಒಂದೇ ಆಗುವುದಿಲ್ಲ. ಅದರಲ್ಲೂ ಎಲ್ಲರೂ ಒಂದೇ ರೀತಿ ಬರೆಯುವುದಿಲ್ಲ. ಕೆನಡಾ, ಆಸ್ಟ್ರೇಲಿಯಾ ಆಮದನ್ನೂ ಎಫ್‌ಒಬಿಯಲ್ಲೇ ಹಿಡಿಯುತ್ತವೆ. ಅಮೆರಿಕ ರಫ್ತನ್ನು ಎಫ್‌ಎಎಸ್‌ನಲ್ಲಿ ಬರೆಯುತ್ತದೆ, ಅಂದರೆ ಸರಕು ಹಡಗಿನ ಪಕ್ಕಕ್ಕೆ ಬಂದು ನಿಂತಾಗಿನ ಬೆಲೆ, ಹತ್ತಿಸುವ ಖರ್ಚು ಅದರಲ್ಲಿಲ್ಲ.

ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಹಳ ಕಾಲ ಈ ವ್ಯತ್ಯಾಸಕ್ಕೆ ಕಣ್ಣು ಮುಚ್ಚಿ ಶೇ 10 ಹಾಕುತ್ತಿತ್ತು, ಆಮೇಲೆ ಅದನ್ನು ಶೇ 6ಕ್ಕೆ ಇಳಿಸಿತು. ದಯವಿಟ್ಟು ನೀವು ಎಲ್ಲ ಸರಕಿಗೂ ಒಂದೇ ಶೇಕಡಾ ಹಾಕಬೇಡಿ. ವಿಮಾನದಲ್ಲಿ ಹೋಗುವ ಚಿಪ್‌ಗಳಿಗೆ ಸಾಗಣೆ ಖರ್ಚು ಬೆಲೆಯ ಮುಂದೆ ಏನೂ ಅಲ್ಲ. ಸಿಮೆಂಟ್, ಅದಿರು, ಜಲ್ಲಿಗೆ ಬೆಲೆಗಿಂತ ಸಾಗಣೆಯೇ ಭಾರ ಆಗುವುದುಂಟು. ಸಮುದ್ರವಿಲ್ಲದ ದೇಶಗಳಿಗೆ ಇನ್ನೂ ಜಾಸ್ತಿ.

ಡಿಸೆಂಬರ್ 20ಕ್ಕೆ ಹೊರಟ ಹಡಗು ಜನವರಿ 25ಕ್ಕೆ ತಲುಪಿದರೆ ರಫ್ತು ಒಂದು ವರ್ಷದ್ದು, ಆಮದು ಇನ್ನೊಂದು ವರ್ಷದ್ದು. ಇದು ನಿಮಗೆ ಗೊತ್ತೇ ಇರುತ್ತದೆ. ಒಂದೇ ವರ್ಷದ ಬದಲು ಮೂರು ವರ್ಷದ ಸರಾಸರಿ ತೆಗೆದರೆ ಈ ತೊಂದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಕೋಷ್ಟಕ842

ನಿಮ್ಮ ಸಣ್ಣ ಸಮಸ್ಯೆಗೆ ನನ್ನ ಹೆಸರೇ ಉತ್ತರ. ಐಎಸ್‌ಒದಲ್ಲಿ ಅಮೆರಿಕದ ಸಂಖ್ಯೆ 840, ಕಾಮ್‌ಟ್ರೇಡ್‌ನಲ್ಲಿ 842. ಪೋರ್ಟೊ ರಿಕೊ ಮತ್ತು ಅಮೆರಿಕದ ವರ್ಜಿನ್ ದ್ವೀಪಗಳನ್ನು ಸೇರಿಸಿಕೊಂಡ ಗಡಿಗೆ ಬೇರೆ ಸಂಖ್ಯೆ ಕೊಟ್ಟಿದ್ದಾರೆ. ಫ್ರಾನ್ಸ್ 250 ಅಲ್ಲ 251, ನಾರ್ವೆ 578 ಅಲ್ಲ 579, ಸ್ವಿಟ್ಜರ್ಲೆಂಡ್ 756 ಅಲ್ಲ 757, ಭಾರತ 356 ಅಲ್ಲ 699. ಇವಿಷ್ಟೂ ನಿಮ್ಮ ಕೋಷ್ಟಕದಲ್ಲಿ ಬಿದ್ದುಹೋಗಿರುತ್ತವೆ, ಇವತ್ತೇ ನೋಡಿ. ನಾನು ಇದನ್ನು ಕಂಡುಕೊಳ್ಳುವ ಹೊತ್ತಿಗೆ ಒಂದು ವರದಿ ಪೂರ್ತಿ ಬರೆದು ಮುಗಿಸಿದ್ದೆ, ಎಲ್ಲವನ್ನೂ ಮತ್ತೆ ಮಾಡಬೇಕಾಯಿತು. ಅದಕ್ಕೇ ಈ ಹೆಸರು ಇಟ್ಟುಕೊಂಡಿದ್ದೇನೆ.

ತೈವಾನ್ ಹುಡುಕಿದರೂ ಸಿಗುವುದಿಲ್ಲ. 490, "ಇತರ ಏಷ್ಯಾ" ಅನ್ನುವ ಸಾಲು ನೋಡಿ, ಅದರಲ್ಲಿ ಬಹುಪಾಲು ತೈವಾನ್. ಬೆಲ್ಜಿಯಂ ಮತ್ತು ಲಕ್ಸಂಬರ್ಗ್ 1998ರವರೆಗೆ ಒಂದೇ ಸಾಲು. ದಕ್ಷಿಣ ಆಫ್ರಿಕಾ 1999ರವರೆಗೆ ಅಕ್ಕಪಕ್ಕದ ದೇಶಗಳ ಜೊತೆ ಒಂದೇ ಕಸ್ಟಮ್ಸ್ ಒಕ್ಕೂಟವಾಗಿ 711ರಲ್ಲಿತ್ತು, 2000ದಿಂದ ಬೇರೆ. ಹಳೆಯ ವರ್ಷಗಳಿಗೆ ಹೋದರೆ ನೆನಪಿಟ್ಟುಕೊಳ್ಳಿ.

ಹೊಸ ಕಾಮ್‌ಟ್ರೇಡ್‌ನಲ್ಲಿ ಎಡವಿ ಬೀಳುವ ಇನ್ನೊಂದು ಜಾಗ ಇದೆ. ಒಂದೇ ವ್ಯಾಪಾರವನ್ನು ಸಾಗಣೆ ವಿಧಾನ, ಕಸ್ಟಮ್ಸ್ ವಿಧಾನ, ಎರಡನೇ ಪಾಲುದಾರ ದೇಶ ಅಂತ ಒಡೆದು ಕೊಟ್ಟಿರುತ್ತಾರೆ, ಒಟ್ಟು ಮೊತ್ತದ ಸಾಲೂ ಅದರ ಜೊತೆಗೇ ಇರುತ್ತದೆ. ಎಲ್ಲವನ್ನೂ ಕೂಡಿಸಿದಿರೋ, ಅಂಕಿ ದುಪ್ಪಟ್ಟು. ಸಾಗಣೆ ವಿಧಾನ 0, ಕಸ್ಟಮ್ಸ್ ವಿಧಾನ ಸಿ00 (C00), ಎರಡನೇ ಪಾಲುದಾರ 0 ಇರುವ ಸಾಲುಗಳನ್ನಷ್ಟೇ ಇಟ್ಟುಕೊಳ್ಳಿ. ಸಿಐಎಫ್ ಮೌಲ್ಯ, ಎಫ್‌ಒಬಿ ಮೌಲ್ಯ ಅಂತ ಬೇರೆ ಬೇರೆ ಕಾಲಮ್‌ಗಳೂ ಇವೆ. ಎದುರಿನ ದೇಶ ಆಮದನ್ನು ಎರಡೂ ರೀತಿಯಲ್ಲಿ ಕೊಟ್ಟಿದ್ದರೆ ಎಫ್‌ಒಬಿಯನ್ನೇ ಹೋಲಿಸಿ. ಮೇಲೆ ಹೇಳಿದ ಶೇಕಡಾವಾರು ಊಹೆಯ ಗೊಡವೆಯೇ ಬೇಡ.

ಎಚ್‌ಎಸ್ ಕೋಡ್ (ಪ್ರತಿ ಬಗೆಯ ಸರಕಿಗೆ ಕೊಡುವ ಸಂಖ್ಯೆ) 6 ಅಂಕೆಯವರೆಗೆ ಮಾತ್ರ ಎಲ್ಲ ದೇಶಗಳಿಗೂ ಒಂದೇ, ಅದರಿಂದಾಚೆ ಅವರವರ ಇಷ್ಟ. ಆ 6 ಅಂಕೆಗಳೂ ಆಗಾಗ ಬದಲಾಗುತ್ತವೆ. 2022ರ ಆವೃತ್ತಿಯಲ್ಲಿ ಸ್ಮಾರ್ಟ್‌ಫೋನ್‌ಗೆ 851713 ಅಂತ ಬೇರೆ ಕೋಡ್ ಬಂತು, ಅದಕ್ಕೆ ಮುಂಚೆ ಎಲ್ಲ ಮೊಬೈಲುಗಳೂ 851712ರಲ್ಲಿದ್ದವು. ಒಂದು ದೇಶ ಹೊಸ ಆವೃತ್ತಿಗೆ ಹೋಗಿ ಇನ್ನೊಂದು ಹಳೆಯದರಲ್ಲೇ ಇದ್ದರೆ ಒಂದು ಬದಿಯಲ್ಲಿ ಸಾವಿರಾರು ಕೋಟಿ, ಇನ್ನೊಂದು ಬದಿಯಲ್ಲಿ ಸೊನ್ನೆ. ಅದು ಕಳ್ಳತನ ಅಲ್ಲ, ಕೋಡ್.

ಒಂದು ಉಪಾಯ ಹೇಳುತ್ತೇನೆ, ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಡಾಲರ್ ಬಿಟ್ಟು ಮೊದಲು ಕಿಲೋ ಹೋಲಿಸಿ. ತೂಕಕ್ಕೆ ವಿಮೆ ಇಲ್ಲ, ಬಾಡಿಗೆ ಇಲ್ಲ, ವಿನಿಮಯ ದರವೂ ಇಲ್ಲ. ಎರಡೂ ಕಡೆ ತೂಕ ಒಂದೇ ಇದ್ದು ಬೆಲೆ ಬೇರೆ ಆದರೆ ವಿಷಯ ಬೆಲೆಯದ್ದು. ತೂಕವೇ ಬೇರೆ ಆದರೆ ದಾರಿಯದ್ದೋ ಕೋಡಿನದ್ದೋ ವಿಷಯ. ಒಂದೇ ಎಚ್ಚರಿಕೆ, ಕೆಲವು ಸಾಲುಗಳಲ್ಲಿ ತೂಕ ಅಂದಾಜಿನದು, ಹಾಗಿದ್ದರೆ ಪಕ್ಕದಲ್ಲಿ ಗುರುತು ಇರುತ್ತದೆ. ಅವನ್ನು ಬಿಟ್ಟುಬಿಡಿ.

ನಡುದಾರಿ

ಅಮೆರಿಕ-ಚೀನಾ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಯಾಕಂದರೆ ಈ ಒಂದು ಜೋಡಿಯಲ್ಲೇ ನಿಮ್ಮ ಅರ್ಧ ಪ್ರಬಂಧ ಇದೆ.

ಆಮದು ಮತ್ತು ರಫ್ತಿಗೆ ಕೇಳುವ ಪ್ರಶ್ನೆಯೇ ಬೇರೆ. ಆಮದು ಮಾಡಿಕೊಳ್ಳುವಾಗ ಕಸ್ಟಮ್ಸ್ ಕೇಳುವುದು "ಇದು ಎಲ್ಲಿ ತಯಾರಾಯಿತು?" ಅಂತ. ಸುಂಕ ಹಾಕುವುದು ಅದರ ಮೇಲೆ. ರಫ್ತು ಮಾಡುವಾಗ ಕೇಳುವುದು "ನಿಮಗೆ ತಿಳಿದ ಮಟ್ಟಿಗೆ ಕೊನೆಗೆ ಎಲ್ಲಿಗೆ ಹೋಗುತ್ತದೆ?" ಅಂತ. ಈಗ ಹಾಂಕಾಂಗ್ ನೋಡಿ. ಅದರ ರಫ್ತಿನಲ್ಲಿ ಹೆಚ್ಚೂಕಡಿಮೆ ಎಲ್ಲವೂ ಮರುರಫ್ತು, ಬೇರೆ ಕಡೆಯಿಂದ ಬಂದು ಮತ್ತೆ ಹೊರಡುವ ಸರಕು. ಚೀನಾದ ಕಾರ್ಖಾನೆಯವನು ಹಾಂಕಾಂಗಿನ ವ್ಯಾಪಾರಿಗೆ ಮಾರುತ್ತಾನೆ, ಆ ವ್ಯಾಪಾರಿ ಮುಂದೆ ಯಾರಿಗೆ ಮಾರುತ್ತಾನೋ ಅವನಿಗೆ ಗೊತ್ತಿಲ್ಲ. "ಹಾಂಕಾಂಗ್‌ಗೆ ರಫ್ತು" ಅಂತ ಬರೆಸುತ್ತಾನೆ. ಹಾಂಕಾಂಗ್ ವ್ಯಾಪಾರಿ ತನ್ನ ಲಾಭ ಸೇರಿಸಿ ಅಮೆರಿಕಕ್ಕೆ ಮಾರುತ್ತಾನೆ. ಅಮೆರಿಕದ ಕಸ್ಟಮ್ಸ್ ಪೆಟ್ಟಿಗೆ ತಿರುಗಿಸಿ ನೋಡಿ, ತಯಾರಾದದ್ದು ಚೀನಾದಲ್ಲಿ, ಹಾಗಾಗಿ "ಚೀನಾದಿಂದ ಆಮದು" ಅಂತ ಪೂರ್ತಿ ಬೆಲೆಗೆ, ಹಾಂಕಾಂಗಿನ ಲಾಭವನ್ನೂ ಸೇರಿಸಿ ಬರೆದುಕೊಳ್ಳುತ್ತದೆ. ಮೂವರೂ ನಿಜವನ್ನೇ ಹೇಳಿದ್ದಾರೆ. ಆದರೂ ಚೀನಾದ ಪುಸ್ತಕದಲ್ಲಿ ಅಮೆರಿಕಕ್ಕೆ ಹೋದದ್ದು ಕಡಿಮೆ, ಅಮೆರಿಕದ ಪುಸ್ತಕದಲ್ಲಿ ಚೀನಾದಿಂದ ಬಂದದ್ದು ಜಾಸ್ತಿ.

ಯುರೋಪಿನಲ್ಲಿ ಇದೇ ಕೆಲಸವನ್ನು ರಾಟರ್‌ಡ್ಯಾಮ್ ಮಾಡುತ್ತದೆ. ಜರ್ಮನಿಗೆ ಹೋಗುವ ಸರಕು ಅಲ್ಲಿ ಇಳಿದು ಅಲ್ಲೇ ಕಸ್ಟಮ್ಸ್ ಮುಗಿಸಿದರೆ ಕಳಿಸಿದವನು ನೆದರ್‌ಲೆಂಡ್ಸ್ ಅಂತ ಬರೆದಿರುತ್ತಾನೆ. ಇದಕ್ಕೆ ರಾಟರ್‌ಡ್ಯಾಮ್ ಎಫೆಕ್ಟ್ ಅಂತಲೇ ಹೆಸರು ಬಿದ್ದಿದೆ.

ಈಗ ಮುಖ್ಯ ವಿಷಯ. ನೀವು 2018ರಲ್ಲೇ ನಿಲ್ಲಿಸಬೇಡಿ, 2021 ನೋಡಿ. ಅಮೆರಿಕ ಹೇಳಿದ ಕೊರತೆ ಸುಮಾರು 35,500 ಕೋಟಿ ಡಾಲರ್. ಚೀನಾ ಹೇಳಿದ ಮಿಗತೆ ಸುಮಾರು 39,700 ಕೋಟಿ ಡಾಲರ್. ಅಂತರ ತಲೆಕೆಳಗಾಗಿದೆ! ಹಾಂಕಾಂಗ್ ಎಲ್ಲಿಗೂ ಹೋಗಿಲ್ಲ, ಸಿಐಎಫ್ ನಿಯಮವೂ ಬದಲಾಗಿಲ್ಲ. ಬದಲಾದದ್ದು ಸುಂಕ. 2018ರ ಜುಲೈನಿಂದ ಅಮೆರಿಕ ಚೀನಾದ ಸರಕಿನ ಮೇಲೆ ಹೆಚ್ಚುವರಿ ಸುಂಕ ಹಾಕಲು ಶುರು ಮಾಡಿತು, ಬಹಳಷ್ಟು ಸರಕಿಗೆ ಶೇ 25ರವರೆಗೆ. ಅಲ್ಲಿಂದ ಆಮದುದಾರನಿಗೆ ಬೆಲೆ ಕಡಿಮೆ ತೋರಿಸುವ ಆಸೆ ಬಂತು, ಚೀನಾ ಅನ್ನುವ ಹೆಸರನ್ನೇ ಬರೆಸದಿರುವ ಆಸೆಯೂ ಬಂತು. ಅದೇ ಹೊತ್ತಿಗೆ ಚೀನಾ ಸರ್ಕಾರ ರಫ್ತುದಾರರಿಗೆ ವ್ಯಾಟ್ (ಒಳನಾಡಿನ ಮಾರಾಟದ ಮೇಲಿನ ತೆರಿಗೆ) ವಾಪಸಾತಿ ಹೆಚ್ಚಿಸಿತು. ಪೂರ್ತಿ ಬೆಲೆ ತೋರಿಸಿದಷ್ಟೂ ವಾಪಸಾತಿ ಜಾಸ್ತಿ ಬರುತ್ತದೆ ಅಂದರೆ ಕಡಿಮೆ ಯಾಕೆ ತೋರಿಸುತ್ತಾರೆ? ಒಂದು ಬದಿಯ ಅಂಕಿ ಕೆಳಗೆ, ಇನ್ನೊಂದು ಬದಿಯದು ಮೇಲೆ.

ಇದರ ಜೊತೆಗೆ ಪಾರ್ಸೆಲ್‌ಗಳು. 2016ರಿಂದ ಅಮೆರಿಕಕ್ಕೆ 800 ಡಾಲರ್‌ವರೆಗಿನ ಪಾರ್ಸೆಲ್ ಸುಂಕವಿಲ್ಲದೆ, ಪೂರ್ಣ ಘೋಷಣೆಯೂ ಇಲ್ಲದೆ ಒಳಗೆ ಬರುತ್ತಿತ್ತು. ಘೋಷಣೆ ಇಲ್ಲದ್ದು ಆಮದು ಅಂಕಿಗೆ ಸೇರುವುದು ಹೇಗೆ? ಚೀನಾದಿಂದ ಬರುವ ಪಾರ್ಸೆಲ್‌ಗೆ ಈ ವಿನಾಯಿತಿ 2025ರ ಮೇ ತಿಂಗಳಲ್ಲಿ ನಿಂತಿತು, ಆಗಸ್ಟ್‌ನಲ್ಲಿ ಎಲ್ಲ ದೇಶಗಳಿಗೂ ನಿಂತಿತು. ಹಾಗಾಗಿ 2025ರ ಅಂಕಿಯನ್ನು ಹಿಂದಿನ ವರ್ಷದ ಜೊತೆ ಹೋಲಿಸುವಾಗ ನಿಧಾನವಾಗಿ ನೋಡಿ.

ಅಂತರ ಎಷ್ಟಿದೆ ಅನ್ನುವುದಕ್ಕಿಂತ ಅದು ಯಾವ ವರ್ಷ ಯಾವ ಕಡೆಗೆ ವಾಲಿತು ಅನ್ನುವುದನ್ನು ಹಿಡಿಯಿರಿ. ನನಗಂತೂ ಈ ಡೇಟಾದಲ್ಲಿ ಅತಿ ಹೆಚ್ಚು ಕಲಿಸಿದ್ದು ಅದೇ.

ಸುಂಕ_ಶೋಧ

ಮೇಲಿನವರೆಲ್ಲ ಚೆನ್ನಾಗಿ ಬರೆದಿದ್ದಾರೆ, ಆದರೆ ಓದುತ್ತಾ ಓದುತ್ತಾ "ಎಲ್ಲವೂ ಸಹಜ ವ್ಯತ್ಯಾಸ, ಮೋಸ ಏನೂ ಇಲ್ಲ" ಅನ್ನುವ ಭಾವನೆ ಬರುತ್ತಿದೆ. ಅದನ್ನು ನಾನು ಒಪ್ಪುವುದಿಲ್ಲ. ಮೋಸ ಇದೆ, ಈ ಅಂಕಿಗಳಲ್ಲೇ ಹಿಡಿಯಬಹುದು, ಹಿಡಿದವರೂ ಇದ್ದಾರೆ.

2004ರಲ್ಲಿ ರೇಮಂಡ್ ಫಿಸ್ಮನ್, ಶಾಂಗ್-ಜಿನ್ ವೇಯ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಕೆಲಸ ನೋಡಿ. ಹಾಂಕಾಂಗ್ ಚೀನಾಕ್ಕೆ ಕಳಿಸಿದೆ ಅಂದದ್ದನ್ನೂ, ಚೀನಾ ಹಾಂಕಾಂಗಿನಿಂದ ಬಂತು ಅಂದದ್ದನ್ನೂ ಸರಕು ಸರಕಾಗಿ ಹೋಲಿಸಿದರು. ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಸುಮ್ನೆ ಅಂತರವನ್ನು ಕೂಡಿಸಿ "ಇದಿಷ್ಟು ಕಳ್ಳತನ" ಅನ್ನಲಿಲ್ಲ. ಪ್ರತಿ ಸರಕಿನ ತೆರಿಗೆ ದರ ತೆಗೆದುಕೊಂಡು, ತೆರಿಗೆ ಹೆಚ್ಚಿರುವ ಸರಕಿನಲ್ಲಿ ಅಂತರವೂ ಹೆಚ್ಚಿದೆಯಾ ಅಂತ ಕೇಳಿದರು. ಇತ್ತು. ತೆರಿಗೆ ದರ ಒಂದು ಶೇಕಡಾ ಅಂಶ ಏರಿದರೆ ತಪ್ಪಿಸುವ ಪ್ರಮಾಣ ಸುಮಾರು ಶೇ 3ರಷ್ಟು ಏರುತ್ತದೆ ಅಂತ ಕಂಡಿತು. ಹೆಚ್ಚು ತೆರಿಗೆಯ ಸರಕನ್ನು ಕಡಿಮೆ ತೆರಿಗೆಯ ಅಕ್ಕಪಕ್ಕದ ಕೋಡಿನಲ್ಲಿ ತೋರಿಸುವುದೂ ಕಂಡಿತು. ಸಾಗಣೆ ಖರ್ಚಿಗಾಗಲಿ ತಡವಾದ ಹಡಗಿಗಾಗಲಿ ಸರಕಿನ ತೆರಿಗೆ ದರ ಎಷ್ಟು ಅಂತ ಗೊತ್ತಿರುವುದಿಲ್ಲ. ತಪ್ಪಿಸುವವನಿಗೆ ಮಾತ್ರ ಗೊತ್ತಿರುತ್ತದೆ. ಅದಕ್ಕೇ ಈ ಸಾಕ್ಷ್ಯಕ್ಕೆ ಅಷ್ಟು ತೂಕ.

ಇನ್ನೊಂದು, ಬ್ರಿಟನ್ ಯುರೋಪಿನ ಒಕ್ಕೂಟದಲ್ಲಿದ್ದ ಕಾಲದ್ದು. ಯುರೋಪಿನ ಒಕ್ಕೂಟದೊಳಗೆ 1993ರಿಂದ ಕಸ್ಟಮ್ಸ್ ಗಡಿ ಇಲ್ಲ. ವ್ಯಾಪಾರದ ಅಂಕಿ ಬರುವುದು ಇಂಟ್ರಾಸ್ಟ್ಯಾಟ್ ಅನ್ನುವ ವ್ಯವಸ್ಥೆಯಿಂದ, ಕಂಪನಿಗಳೇ ವರದಿ ಕೊಡಬೇಕು. ಇದನ್ನು ಬಳಸಿಕೊಂಡು ಮೊಬೈಲ್ ಫೋನ್, ಕಂಪ್ಯೂಟರ್ ಚಿಪ್‌ಗಳನ್ನು ವ್ಯಾಟ್ ಇಲ್ಲದೆ ಬ್ರಿಟನ್ನಿಗೆ ತರುವುದು, ಒಳಗೆ ವ್ಯಾಟ್ ಸೇರಿಸಿ ಮಾರುವುದು, ವಸೂಲಾದ ವ್ಯಾಟ್ ಕಟ್ಟದೆ ಕಂಪನಿ ಮುಚ್ಚಿ ಮಾಯವಾಗುವುದು, ಸರಕು ಮತ್ತೆ ಹೊರಗೆ ರಫ್ತಾಗುವುದು, ಮತ್ತೆ ಒಳಗೆ ಬರುವುದು ಹೀಗೆ ಸುತ್ತುತ್ತಿತ್ತು. ಮಾಯವಾಗುವವನು ಆಮದಿನ ವರದಿ ಕೊಡುತ್ತಾನಾ? ರಫ್ತು ಮಾಡುವವನು ಮಾತ್ರ ವಾಪಸಾತಿ ಕೇಳಬೇಕಾದ್ದರಿಂದ ಕೊಡುತ್ತಾನೆ. ಅಂದರೆ ಅದೇ ಪೆಟ್ಟಿಗೆ ರಫ್ತಿನ ಲೆಕ್ಕಕ್ಕೆ ಬಂತು, ಆಮದಿನ ಲೆಕ್ಕಕ್ಕೆ ಬರಲೇ ಇಲ್ಲ. 2003ರ ಜುಲೈಯಲ್ಲಿ ಬ್ರಿಟನ್ನಿನ ಅಂಕಿಅಂಶ ಕಚೇರಿ ಆಮದಿನ ಅಂಕಿಗಳನ್ನು ಮೇಲಕ್ಕೆ ತಿದ್ದಬೇಕಾಯಿತು.

ನಿಮ್ಮ ಗೈಡ್ ಹೇಳಿದ "ಆಮದೇ ಸರಿ" ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಸಾಮಾನ್ಯವಾಗಿ ಸುಂಕ ಬೀಳುವುದು ಆಮದಿನ ಮೇಲೆ. ಹಾಗಾಗಿ ಕಸ್ಟಮ್ಸ್ ಅಲ್ಲಿ ಕಣ್ಣಿಟ್ಟು ನೋಡುತ್ತದೆ, ಅಂಕಿಯೂ ಚೆನ್ನಾಗಿರುತ್ತದೆ. ಇದು ಸರಿ. ಅಮೆರಿಕ ಮತ್ತು ಕೆನಡಾ ಇದೇ ನಂಬಿಕೆಯಿಂದ 1990ರಿಂದ ಒಂದು ಒಪ್ಪಂದದಲ್ಲಿವೆ. ಅಮೆರಿಕ ಕೆನಡಾಕ್ಕೆ ಮಾಡಿದ ರಫ್ತನ್ನು ತಾನು ಎಣಿಸುವುದೇ ಇಲ್ಲ, ಕೆನಡಾದ ಆಮದು ಅಂಕಿಯನ್ನೇ ತೆಗೆದುಕೊಳ್ಳುತ್ತದೆ, ಅವರೂ ಹಾಗೇ. ಅಲ್ಲಿ ಅಂತರದ ಪ್ರಶ್ನೆಯೇ ಬಹುಮಟ್ಟಿಗೆ ಮುಗಿಯಿತು. ಆದರೆ ಸುಂಕ ತುಂಬಾ ಜಾಸ್ತಿ ಇದ್ದರೆ ಅದೇ ಆಮದಿನ ಅಂಕಿ ಕೆಡುತ್ತದೆ. ಯುರೋಪಿನೊಳಗಂತೂ ರಫ್ತಿನ ಮೊತ್ತ ಆಮದಿನ ಮೊತ್ತಕ್ಕಿಂತ ಜಾಸ್ತಿ ಬರುತ್ತದೆ, ಸಾಗಣೆ ಖರ್ಚು ಆಮದಿಗೆ ಸೇರುವಾಗ ಅದು ತಿರುಗುಮುರುಗು ಆಗಬೇಕಿತ್ತು. ಅಲ್ಲಿ ಒಕ್ಕೂಟದ ಅಂಕಿಅಂಶ ಕಚೇರಿ ಯೂರೋಸ್ಟ್ಯಾಟ್ ರಫ್ತನ್ನೇ ಹೆಚ್ಚು ನಂಬುತ್ತದೆ. ಒಂದೇ ನಿಯಮವನ್ನು ಎಲ್ಲ ಕಡೆ ಹಾಕಲು ಹೋಗಬೇಡಿ.

ಬಂದರುಕಟ್ಟೆ

@ಸುಂಕ_ಶೋಧ ನೀವು ಹೇಳಿದ್ದು ಸರಿ ಸರ್, ಮೋಸ ಇಲ್ಲ ಅಂತ ನಾನು ಹೇಳಿಲ್ಲ. ಇನ್‌ವಾಯ್ಸ್ ಎರಡು ಮಾಡಿಸಿಕೊಂಡು ಬರುವವರನ್ನು ಕಣ್ಣಾರೆ ನೋಡಿದ್ದೇನೆ. ಒಂದು ಬ್ಯಾಂಕಿಗೆ, ಒಂದು ಕಸ್ಟಮ್ಸ್‌ಗೆ. ನನ್ನ ಹೆದರಿಕೆ ಬೇರೆ. ಅಂತರವನ್ನೆಲ್ಲ ಗುಡ್ಡೆ ಹಾಕಿ "ಕದ್ದ ಹಣ" ಅಂದುಬಿಟ್ಟರೆ ನಿಜವಾಗಿ ಕದ್ದವನು ಆ ಗುಡ್ಡೆಯಲ್ಲಿ ಮುಚ್ಚಿಹೋಗುತ್ತಾನೆ.

2016ರಲ್ಲಿ ಆದದ್ದು ನೆನಪಿದೆಯಾ? ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್ ಜುಲೈಯಲ್ಲಿ ಒಂದು ವರದಿ ತಂದಿತು, ಗಣಿ ಸರಕು ರಫ್ತು ಮಾಡುವ ದೇಶಗಳ ಮೇಲೆ. ದಕ್ಷಿಣ ಆಫ್ರಿಕಾದ ಚಿನ್ನದಲ್ಲಿ ಭಾರಿ ಮೊತ್ತದ ಅಂತರ ಇದೆ, ರಫ್ತನ್ನು ಕಡಿಮೆ ತೋರಿಸಿದ್ದಾರೆ ಅಂತ ಅದರಲ್ಲಿ ಬಂತು. ಸುದ್ದಿ ಎಲ್ಲ ಕಡೆ ಹರಡಿತು. ಆಮೇಲೆ ನೋಡಿದರೆ ಆ ದೇಶ ಚಿನ್ನದ ರಫ್ತಿನ ಬಹುಪಾಲನ್ನು ವರ್ಷಗಟ್ಟಲೆ ದೇಶವಾರು ಹಂಚದೆ ಒಟ್ಟು ಮೊತ್ತವಾಗಿ ಬರೆಯುತ್ತಿತ್ತು. ಕೊಂಡ ದೇಶಗಳು ಮಾತ್ರ "ದಕ್ಷಿಣ ಆಫ್ರಿಕಾದಿಂದ" ಅಂತ ಬರೆದುಕೊಂಡಿದ್ದವು. ದೇಶದಿಂದ ದೇಶಕ್ಕೆ ಹೋಲಿಸಿದಾಗ ಒಂದು ಬದಿ ಖಾಲಿ ಕಂಡಿತು. ಟೀಕೆ ಜೋರಾಗಿ ಬಂತು, ಅದೇ ಡಿಸೆಂಬರ್‌ನಲ್ಲಿ ವರದಿಯ ಪರಿಷ್ಕೃತ ಆವೃತ್ತಿ ತಂದರು. ಆದರೆ ಮೊದಲು ಹರಡಿದ ಸುದ್ದಿಯನ್ನು ಯಾರು ವಾಪಸು ತರುತ್ತಾರೆ?

ಚಿನ್ನ ಯಾವಾಗಲೂ ಹೀಗೇ. ಸ್ವಿಟ್ಜರ್ಲೆಂಡ್ ಕೂಡ 2014ರ ಜನವರಿಯಿಂದಷ್ಟೇ ಚಿನ್ನವನ್ನು ಮತ್ತೆ ದೇಶವಾರು ಪ್ರಕಟಿಸುತ್ತಿರುವುದು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಜಗತ್ತಿನ ದೊಡ್ಡ ಚಿನ್ನ ಶುದ್ಧೀಕರಣದ ದೇಶವೊಂದರ ಲೆಕ್ಕವೇ ಸಿಗುವುದಿಲ್ಲ. ಚಿನ್ನದ 7108 ಕೋಡನ್ನು ಬೇರೆಯೇ ಇಟ್ಟುಕೊಳ್ಳಿ.

ಅಂಕಿ_ಅಂಚು

ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಧನ್ಯವಾದ. ಮೂರು ದಿನ ಕೂತು ಎಲ್ಲವನ್ನೂ ಮತ್ತೆ ಮಾಡಿದೆ.

842 ಹಾಕಿದ ಕೂಡಲೇ ಅಮೆರಿಕ ಬಂತು. ದುಪ್ಪಟ್ಟು ಸಾಲುಗಳೂ ಇದ್ದವು, ಸಿ00 ಇಟ್ಟು ಉಳಿದದ್ದು ತೆಗೆದೆ. ಅಷ್ಟಕ್ಕೇ ನನ್ನ ದೊಡ್ಡ ದೊಡ್ಡ ಅಂತರಗಳಲ್ಲಿ ಕೆಲವು ಮಾಯವಾದವು, ಅವು ನನ್ನದೇ ತಪ್ಪುಗಳು. ಅದನ್ನೇ ಕದ್ದ ಹಣ ಅಂತ ಬರೆದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ಭಯವಾಯಿತು. ಜಾಂಬಿಯಾದ ತಾಮ್ರವನ್ನು ಎದುರು ಬದಿಯಿಂದ ನೋಡಿದೆ. ಚೀನಾ ಮತ್ತು ಬೇರೆ ದೇಶಗಳು "ಜಾಂಬಿಯಾದಲ್ಲಿ ತಯಾರಾದದ್ದು" ಅಂತ ಬರೆದುಕೊಂಡ ತಾಮ್ರವನ್ನು ಕಿಲೋದಲ್ಲಿ ಕೂಡಿಸುತ್ತಿದ್ದೇನೆ, ಇನ್ನೂ ಮುಗಿದಿಲ್ಲ.

ಕದ್ದ ಹಣದ ಅಧ್ಯಾಯ ಬಿಟ್ಟೆ. ಅದರ ಬದಲು ಸುಂಕದ ದರ ಮತ್ತು ಅಂತರ ಒಟ್ಟಿಗೆ ಏರುತ್ತವೆಯಾ ಅಂತ ನೋಡುವ ಅಧ್ಯಾಯ ಬರೆಯುತ್ತೇನೆ.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ಪಟ್ಟಿಯನ್ನು ಅಂತರದ ಮೇಲೆ ವಿಂಗಡಿಸಿದರೆ ಮೇಲೆ ಬರುವುದು ದಕ್ಷಿಣ ಕೊರಿಯಾದಿಂದ ಮಾರ್ಷಲ್ ದ್ವೀಪಗಳಿಗೆ, ಲೈಬೀರಿಯಾಕ್ಕೆ ಆಗುವ ರಫ್ತು. ಅಷ್ಟು ಪುಟ್ಟ ದ್ವೀಪಗಳ ದೇಶ ಅಷ್ಟೊಂದು ಏನು ಕೊಳ್ಳುತ್ತದೆ? ಎಚ್‌ಎಸ್ 89ನೇ ಅಧ್ಯಾಯ ಅಂತ ತೋರಿಸುತ್ತಿದೆ.

ಬಂದರುಕಟ್ಟೆ

89 ಅಂದರೆ ಹಡಗು. ಕೊರಿಯಾದ ಕಾರ್ಖಾನೆಯಲ್ಲಿ ಕಟ್ಟಿದ ಹಡಗು ಸಮುದ್ರಕ್ಕೆ ಇಳಿಯುವಾಗ ಅದಕ್ಕೊಂದು ಧ್ವಜ ಬೇಕು. ಬಹಳಷ್ಟು ಮಾಲೀಕರು ಮಾರ್ಷಲ್ ದ್ವೀಪಗಳು, ಲೈಬೀರಿಯಾ, ಪನಾಮಾದಲ್ಲಿ ನೋಂದಣಿ ಮಾಡಿಸುತ್ತಾರೆ, ಕೊಳ್ಳುವ ಕಂಪನಿಯೂ ಕಾಗದದ ಮೇಲೆ ಅಲ್ಲಿಯದೇ ಆಗಿರುತ್ತದೆ. ಹಾಗಾಗಿ ರಫ್ತು ಘೋಷಣೆಯಲ್ಲಿ ಆ ದೇಶದ ಹೆಸರು. ಹಡಗು ಮಾತ್ರ ಕಾರ್ಖಾನೆಯಿಂದ ನೇರವಾಗಿ ಮೊದಲ ಸರಕು ಹತ್ತಿಸಿಕೊಳ್ಳುವ ಬಂದರಿಗೆ ಹೋಗುತ್ತದೆ, ಧ್ವಜದ ದೇಶವನ್ನು ಒಮ್ಮೆಯೂ ನೋಡದೆ ಇರಬಹುದು. ಗಡಿ ದಾಟಿ ಬಾರದ್ದನ್ನು ಅಲ್ಲಿಯ ಕಸ್ಟಮ್ಸ್ ಆಮದು ಅಂತ ಬರೆಯುವುದಿಲ್ಲ. ಒಡೆತನ ಯಾರಿಗೆ ಹೋಯಿತು ಅನ್ನುವುದನ್ನು ನೋಡಿ ಹಡಗಿನ ವ್ಯಾಪಾರ ಬರೆಯಬೇಕು ಅಂತ ವಿಶ್ವಸಂಸ್ಥೆಯ 2010ರ ಕೈಪಿಡಿ ಹೇಳುತ್ತದೆ, ಅದನ್ನು ಎಲ್ಲರೂ ಪಾಲಿಸುವುದಿಲ್ಲ.

89ನೇ ಅಧ್ಯಾಯವನ್ನೂ ಚಿನ್ನದ ಹಾಗೆ ಬೇರೆ ಶೀಟ್‌ಗೆ ಹಾಕಿ. ಜೊತೆಗೆ 837, 838, 839, 899 ಅನ್ನುವ ಪಾಲುದಾರ ಸಂಖ್ಯೆಗಳನ್ನೂ ನೋಡಿ. ಹಡಗಿಗೆ ತುಂಬಿಸಿದ ಇಂಧನ, ಮುಕ್ತ ವಲಯ, ವಿಶೇಷ ವರ್ಗ, ಯಾವ ದೇಶ ಅಂತ ಹೇಳದ್ದು, ಎಲ್ಲ ಅಲ್ಲಿ ಕೂತಿರುತ್ತದೆ. ತಾಮ್ರದ ಕಿಲೋ ಲೆಕ್ಕ ಮುಗಿದ ಮೇಲೆ ಇಲ್ಲೇ ಹಾಕಿ. ದಾರ್ ಎಸ್ ಸಲಾಮ್ ದಾರಿಯಲ್ಲಿ ಹೋದದ್ದು ಕೆಲವು ಕಡೆ ಟಾಂಜಾನಿಯಾದ ಹೆಸರಿನಲ್ಲಿ ಸೇರಿರಬಹುದು. ಟಾಂಜಾನಿಯಾದ ತಾಮ್ರ ಅಂತ ಯಾರಾದರೂ ಬರೆದುಕೊಂಡಿದ್ದಾರಾ ಅಂತ ಅದನ್ನೂ ಒಮ್ಮೆ ತೆಗೆದು ನೋಡಿ.